ಧೂಮಕೇತುವಿನ ಚೆಕ್ಕುಬಂದಿ

ಪುರಸಭೆಯ ದಾಖಲೆಗಳ ಪ್ರಕಾರ ನಮ್ಮ ಊರಿನಲ್ಲಿ ಈವರೆಗೆ ಒಂದೇ ಒಂದು ಧೂಮಕೇತು ಪತ್ತೆಯಾಗಿದ್ದು, ಸದರಿ ಧೂಮಕೇತು ಊರಿನಲ್ಲೇ ಖಾಯಮ್ಮಾಗಿ ನೆಲೆಸಿರುತ್ತದೆ.

ಪತ್ತೆ ಮಾಡಿದವನು ಗಡಿಯಾರ ರಿಪೇರಿಯವನು. ಇಪ್ಪತ್ತೆರಡು ವರ್ಷದಿಂದ ದಿನಾ ನಾಲ್ಕಕ್ಕೆದ್ದು ತಾರಸಿಯ ಮೇಲಿನ ದುರ್ಬೀನಿಗೆ ಕಣ್ಣು ಹಚ್ಚಿ ಕೂತವನು. ಆ ದುರ್ಬೀನಿಗೆ ಜಾಗ ಬೇಕೆಂದು ಅವನ ಹೆಂಡತಿ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿಕೊಟ್ಟಿದ್ದಳು. ಅಂದಿನಿಂದ ಮನೆಯ ಒದ್ದೆ ಬಟ್ಟೆಗಳೆಲ್ಲ ನಡುಮನೆಯಲ್ಲಿ ಒಣಗುತ್ತಿದ್ದವು. ಮಳೆಗಾಲದಲ್ಲಿ ಅದೂ ಇಲ್ಲ. ಹೊಸದೇನಾದರೂ ಸಿಕ್ಕರೆ ನಿನ್ನ ಹೆಸರೇ ಇಡುತ್ತೇನೆಂದು ಅವನು ಮಾತು ಕೊಟ್ಟಿದ್ದ. ಈಗ ಸಿಕ್ಕಿತ್ತು. ಪೂರ್ವಕ್ಕೆ, ಮೂರು ಮನೆ ಆಚೆಯ ಮೇಷ್ಟ್ರ ನೀರಿನ ಟ್ಯಾಂಕಿಗಿಂತ ಒಂದು ಗೇಣು ಮೇಲೆ, ಮಬ್ಬು ಚುಕ್ಕಿಯೊಂದು, ಬಾಲ ಸಮೇತ.

ಧೂಮಕೇತುಗಳಿಗೆ ಹೆಸರಿಡುವ ದೊಡ್ಡ ಸಂಘದವರು ಕೇಳಿದ್ದು ಒಂದೇ ಕಾಗದ: ಕಂಡದ್ದು ನಿಜವೆಂದು ಸ್ಥಳೀಯ ಕಚೇರಿಯ ದೃಢೀಕರಣ, ಹದಿನೈದು ದಿನದೊಳಗೆ. ಅವನು ಪುರಸಭೆಗೆ ಹೋದ.

ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿದರು. "ಚೆಕ್ಕುಬಂದಿ ಎಲ್ರೀ?"

"ಓಡಾಡೋ ವಸ್ತು ಸಾರ್. ಅದಕ್ಕೆಲ್ಲಿಯ ಚೆಕ್ಕುಬಂದಿ?"

"ನಾಲ್ಕು ದಿಕ್ಕಿಗೆ ಏನಿದೆ ಅಂತ ಗೊತ್ತಿಲ್ದೇನೇ ಹುಡುಕಿದ್ರಾ?"

ಅವನು ಬರೆದುಕೊಟ್ಟ. ಮೂರು ಕಡೆ ಆಕಾಶ, ಒಂದು ಕಡೆ ಮೇಷ್ಟ್ರ ಟ್ಯಾಂಕು. ಗುಮಾಸ್ತರು ಟ್ಯಾಂಕಿಗೆ ಸರಿ ಗುರುತು ಹಾಕಿ, ಆಕಾಶದ ಮುಂದೆ 'ಮಾಲೀಕರು ಯಾರು?' ಎಂದು ಬರೆದರು.

"ಇನ್ನು ಸ್ಥಳ ಪರಿಶೀಲನೆ. ಹತ್ತರಿಂದ ಐದರೊಳಗೆ."

"ಅದು ಕಾಣೋದು ಬೆಳಗಿನ ಜಾವ ಸಾರ್."

"ಆ ಹೊತ್ತಲ್ಲಿ ಕಚೇರಿ ಇರಲ್ಲ. ಅದಕ್ಕೇ ಹನ್ನೊಂದಕ್ಕೆ ಬರೋಕೆ ಹೇಳಿ."

"ಅದು ನನ್ನ ಮಾತು ಕೇಳಲ್ಲ."

"ಕೇಳದೇ ಇರೋದನ್ನ ನಿಮ್ಮದು ಅಂತ ಹೇಗ್ರೀ ಬರೆದ್ರಿ?"

ಹದಿನಾಲ್ಕನೆಯ ದಿನ, ಬಿಸಿಲು ನೆತ್ತಿ ಸುಡುವ ಹೊತ್ತಿಗೆ, ಪರಿಶೀಲನಾಧಿಕಾರಿಗಳು ಸಾಕ್ಷಿಗೆ ಇಬ್ಬರು ಪಂಚರೊಡನೆ ತಾರಸಿ ಹತ್ತಿದರು. ಬೆಳಗಿನ ಜಾವ ತಿರುಗಿಸಿಟ್ಟ ದುರ್ಬೀನು ತುಸು ಬಾಗಿ ನಿಂತಿತ್ತು. ಸಾಹೇಬರು ಒಂದು ಕಣ್ಣು ಮುಚ್ಚಿ ಬಗ್ಗಿದರು.

"ಸಿಕ್ತು! ದುಂಡಗಿದೆ. ಮಬ್ಬಾಗಿದೆ. ಬಾಲವೂ ಇದೆ."

"ಅದು ಮೇಷ್ಟ್ರ ಟ್ಯಾಂಕು ಸಾರ್. ಬಾಲ ಅಲ್ಲ, ಪೈಪು."

"ಟ್ಯಾಂಕಾದ್ರೆ ತಲೆಕೆಳಗಾಗಿ ಯಾಕಿದೆ?"

"ಈ ದುರ್ಬೀನಲ್ಲಿ ಎಲ್ಲವೂ ತಲೆಕೆಳಗೇ ಕಾಣೋದು."

"ತಲೆಕೆಳಗಾದ ಟ್ಯಾಂಕಲ್ಲಿ ನೀರು ನಿಲ್ಲುತ್ತೇನ್ರೀ?" ಎಂದು ಸಾಹೇಬರು ಸಮಾಧಾನದಿಂದಲೇ ಕೇಳಿದರು. ಪಂಚರು ವಾಡಿಕೆಯಂತೆ ಮೊದಲು ಸಹಿ ಹಾಕಿ ಆಮೇಲೆ ನೋಡಿದರು. ಸಾಹೇಬರು ಗಡಿಯಾರದವನ ಕಡೆ ತಿರುಗಿದರು. "ನೋಡಿ, ಇದು ಬೇಡ ಅಂದ್ರೆ 'ಏನೂ ಕಂಡುಬಂದಿಲ್ಲ' ಅಂತ ಬರೀತೀನಿ. ಯಾವುದು ಬೇಕು?"

ಗಡುವಿಗೆ ಉಳಿದದ್ದು ಒಂದೇ ದಿನ. ಇಪ್ಪತ್ತೆರಡು ವರ್ಷದಲ್ಲಿ ಕಾಣದ್ದನ್ನು ಕಂಡೆನೆಂದು ಅವನು ಒಮ್ಮೆಯೂ ಬರೆದವನಲ್ಲ. ಹೆಂಡತಿಯ ಮುಖ ನೋಡಿದ. ಅವಳ ಕೈಯಲ್ಲಿ ಹಿಂಡಿದ ಟವೆಲ್ ಇತ್ತು.

"ರೀ, ಹೆಸರು ತಪ್ಪಿಲ್ಲದೆ ಬರೀತಾರಾ ಕೇಳಿ" ಎಂದಳು.

ಅವನು ಸಹಿ ಹಾಕಿದ.

ಸಂಘದವರು ಚೆಕ್ಕುಬಂದಿ ಓದಿ, ಇದು ನೀರಿನ ಟ್ಯಾಂಕೆಂದು ತಳ್ಳಿಹಾಕಿ, ಆ ಚುಕ್ಕಿಯನ್ನು ಎರಡು ದಿನ ತಡವಾಗಿ ಕಂಡ ಬೇರೆ ಊರಿನವನ ಹೆಸರಿಗೆ ಬರೆದರು. ಪುರಸಭೆ ಮಾತ್ರ, ಟ್ಯಾಂಕನ್ನೇ ಅವನ ಹೆಂಡತಿಯ ಹೆಸರಿನ ಧೂಮಕೇತುವೆಂದು ಬರೆದ ತನ್ನ ದಾಖಲೆ ತಿದ್ದಲಿಲ್ಲ. ತಿದ್ದಲು ಮತ್ತೊಂದು ಸ್ಥಳ ಪರಿಶೀಲನೆ ಬೇಕು, ಹತ್ತರಿಂದ ಐದರೊಳಗೆ. ಮೇಷ್ಟ್ರ ಗೇಟಿಗೆ ಪ್ರಕಟಣೆ ಅಂಟಿತು: 'ಸದರಿ ಆಕಾಶಕಾಯವನ್ನು ಹೆಸರುಳ್ಳವರ ಒಪ್ಪಿಗೆಯಿಲ್ಲದೆ ತೊಳೆಯುವುದು, ಬಣ್ಣ ಬಳಿಯುವುದು ಅಥವಾ ಅದರ ಬಾಲ ಬದಲಿಸುವುದನ್ನು ನಿಷೇಧಿಸಿದೆ.'

ಮೇಷ್ಟ್ರು ಮೊದಮೊದಲು ರೇಗಿದರು, ಆಮೇಲೆ ಹೊಂದಿಕೊಂಡರು. ಈಗ ಕಾಗದ ಹಿಡಿದು ಅವಳ ಬಳಿಗೆ ಅವರೇ ಬರುತ್ತಾರೆ. "ನಿಮ್ಮ ಧೂಮಕೇತು ಸೋರ್ತಾ ಇದೆ ಕಣಮ್ಮಾ, ಒಂದು ಸಹಿ ಹಾಕಿ."

"ಕೊಟ್ಟ ಮಾತು ಉಳಿಸಿಕೊಳ್ಳೋಕೆ ಆಗ್ಲಿಲ್ಲ ಕಣೇ" ಎಂದು ಒಂದು ದಿನ ಗಡಿಯಾರದವನು ಹೆಂಡತಿಯ ಮುಂದೆ ಕಣ್ಣು ತುಂಬಿಕೊಂಡ.

"ಹೋಯ್ತಲ್ಲ, ಆ ಚುಕ್ಕಿ ಮತ್ತೆ ಯಾವಾಗ ಬರುತ್ತೆ?"

"ಎಪ್ಪತ್ತನಾಲ್ಕು ವರ್ಷಕ್ಕೆ."

"ನಂದು ದಿನಾ ಕಾಣುತ್ತೆ ಬಿಡಿ" ಎಂದ ಅವಳು ದುರ್ಬೀನಿನ ಕಾಲಿನಿಂದ ಗೋಡೆಯ ಮೊಳೆಗೆ ಹಗ್ಗ ಬಿಗಿದು ಟವೆಲ್ ಹರವಿದಳು.

ಅವನು ಈಗಲೂ ನಾಲ್ಕಕ್ಕೇ ಏಳುತ್ತಾನೆ. ಆದರೆ ಹತ್ತು ಗಂಟೆಗೆ ಟವೆಲ್ ಸರಿಸಿ ಇನ್ನೊಮ್ಮೆ ನೋಡಿ, ಪುಸ್ತಕದಲ್ಲಿ ಬರೆದಿಡುತ್ತಾನೆ: 'ಸ್ಥಾನ: ಬದಲಾವಣೆಯಿಲ್ಲ. ಬಾಲ: ಸೋರುತ್ತಿದೆ.'