ಹಾಬಲ್ಟನ್ನಿನ ಸೊನ್ನೆ ಮತ್ತು ಸಿಮೆಂಟಿನ ಬಾತುಕೋಳಿ

ಹೊರೇಸ್ ಗಾರ್ಸೈಡ್ ಕಳ್ಳನಾಗಬೇಕೆಂದು ತೀರ್ಮಾನಿಸಿದ್ದು ಅರವತ್ತಾರನೆಯ ವಯಸ್ಸಿನಲ್ಲಿ, ಮಾರ್ಚ್ ಮೂವತ್ತೊಂದರ ಗುರುವಾರ ಬೆಳಿಗ್ಗೆ, ಎರಡನೆಯ ಕಪ್ ಚಹಾ ಆರುವ ಮೊದಲು. ಊರಿನಲ್ಲಿ ಬೇರೆ ಯಾರೂ ಆ ಕೆಲಸಕ್ಕೆ ಮುಂದೆ ಬಂದಿರಲಿಲ್ಲ.

"ಒಂದೇ ಒಂದು ಸಾಕಿತ್ತು ಮಾರಾಯ," ಎಂದ ಊರಿನ ಪೇದೆ ಡೆರೆಕ್, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ. "ಒಂದು ಸೈಕಲ್ ಹೋಗಿದ್ರೂ ಸಾಕಿತ್ತು. ಒಂದು ಕೋಳಿ ಹೋಗಿದ್ರೂ ಆಗ್ತಿತ್ತು. ವರ್ಷವಿಡೀ ಏನೂ ಇಲ್ಲ. ಸೊನ್ನೆ!"

"ಸೊನ್ನೆ ಅಂದ್ರೆ ನೀನು ಚೆನ್ನಾಗಿ ಕೆಲಸ ಮಾಡಿದೀಯ ಅಂತ ತಾನೇ?"

"ಮೇಲಿನವರ ಪ್ರಕಾರ ನಾನು ಕೆಲಸಾನೇ ಮಾಡಿಲ್ಲ ಅಂತ. ಇವತ್ತು ಸಂಜೆ ಐದಕ್ಕೆ ವರ್ಷದ ಪಟ್ಟಿ ಮುಗಿಯತ್ತೆ. ಅಷ್ಟರೊಳಗೆ ಒಂದು ಅಪರಾಧಾನೂ ಇಲ್ದಿದ್ರೆ ಹಾಬಲ್ಟನ್‌ಗೆ ಪೇದೆ ಬೇಡವಂತೆ. ನಾಳೆಯಿಂದ ನಂಗೆ ಬಂದರು ಪಟ್ಟಣ. ನಲವತ್ತು ಮೈಲಿ. ಅಲ್ಲಿ ಕಳ್ಳರು ಸಾಲಾಗಿ ನಿಂತಿರ್ತಾರಂತೆ."

ಹೊರೇಸ್ ಮೇಜಿನ ಮೇಲಿದ್ದ ಡಾಮಿನೊ ಪೆಟ್ಟಿಗೆಯನ್ನು ನೋಡಿದ. ಹೆಂಡತಿ ಹಿಲ್ಡಾ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಎದುರಿನ ಕುರ್ಚಿಯಲ್ಲಿ ಕೂರುವವನೆಂದರೆ ಡೆರೆಕ್ ಒಬ್ಬನೇ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಪೇದೆ ಟೋಪಿ ತೆಗೆದಿಟ್ಟು ಕೂತರೆ ಚುಕ್ಕೆಯ ಬಿಲ್ಲೆಗಳು ಟಕಟಕನೆ ಸಾಲಾಗುತ್ತಿದ್ದವು. ವಾರದ ಉಳಿದ ಐದು ದಿನ ಹೊರೇಸ್ ಆ ಎರಡು ದಿನಗಳಿಗಾಗಿ ಕಾಯುತ್ತಿದ್ದ. ಇನ್ನು ಮುಂದೆ ಏಳೂ ದಿನ ಯಾವುದಕ್ಕೂ ಕಾಯಬೇಕಾಗಿರಲಿಲ್ಲ.

"ಐದು ಗಂಟೆ ಅಂದೆಯಲ್ಲ?" ಎಂದು ಮತ್ತೊಮ್ಮೆ ಕೇಳಿ, ಡೆರೆಕ್ ಹೊರಟ ಕೂಡಲೇ ಹೊರೇಸ್ ಕೋಟು ಹಾಕಿಕೊಂಡ.

ಹಾಬಲ್ಟನ್ನಿನ ಸುರಕ್ಷತೆಯ ಪೂರ್ತಿ ಕೀರ್ತಿ ಪಕ್ಕದ ಮನೆಯ ಮಿಸೆಸ್ ಬ್ಲೆಂಕಿನ್‌ಗೆ ಸಲ್ಲಬೇಕು. ಸಲ್ಲದಿದ್ದರೆ ಅವರೇ ಬಂದು ಕೇಳಿ ಪಡೆಯುತ್ತಾರೆ. ಊರಿನ ಕಾವಲು ಸಮಿತಿಗೆ ಹನ್ನೊಂದು ವರ್ಷದಿಂದ ಅವರೇ ಅಧ್ಯಕ್ಷೆ. ನಲವತ್ತು ಮನೆಗಳ ಆ ಊರಿನಲ್ಲಿ ಕಿಟಕಿಯ ಪರದೆಗಳು ಅಲುಗಾಡದೆ ಒಂದು ಬೆಕ್ಕೂ ರಸ್ತೆ ದಾಟುವಂತಿಲ್ಲ. ಪ್ರತಿ ಬಾಗಿಲಿಗೂ ಎರಡೆರಡು ಬೀಗ. ಎರಡರ ಕೀಲಿಯೂ ಬಾಗಿಲ ಪಕ್ಕದ ಹೂಕುಂಡದ ಕೆಳಗೆ. ಯಾವ ಕುಂಡ ಎಂದು ಗೊತ್ತಿಲ್ಲದ ಕಳ್ಳ ಅಂಗಡಿಯಲ್ಲಿ ಕೇಳಿದರೆ ಹೇಳುತ್ತಾರೆ. ಹೋದ ಬೇಸಿಗೆಯಲ್ಲಿ ಒಬ್ಬರ ಹುಲ್ಲು ಕತ್ತರಿಸುವ ಯಂತ್ರ ಮಾಯವಾದಾಗ ಮಿಸೆಸ್ ಬ್ಲೆಂಕಿನ್ ಮನೆಗೇ ಹೋಗಿ, "ಕಳವಾಗಿಲ್ಲ, ನೀವು ಎಲ್ಲೋ ಇಟ್ಟು ಮರೆತಿದ್ದೀರಿ" ಎಂದು ಅರ್ಥ ಮಾಡಿಸಿ ಬಂದಿದ್ದರು. ಆ ಮನೆಯವರು ಇನ್ನೂ ನೆನಪು ಮಾಡಿಕೊಳ್ಳುತ್ತಲೇ ಇದ್ದಾರೆ. ಇಷ್ಟೆಲ್ಲ ಶ್ರಮಕ್ಕೆ ಫಲವಾಗಿ ಮುಂದಿನ ವಾರ 'ಜಿಲ್ಲೆಯ ಅತಿ ಸುರಕ್ಷಿತ ಗ್ರಾಮ' ಎಂಬ ಹಿತ್ತಾಳೆಯ ಫಲಕ ಬರುವುದಿತ್ತು. ಅದನ್ನು ತೂಗುಹಾಕಲು ಮಿಸೆಸ್ ಬ್ಲೆಂಕಿನ್ ತಮ್ಮ ಮನೆಯ ಗೋಡೆಗೆ ಆಗಲೇ ಮೊಳೆ ಹೊಡೆಸಿದ್ದರು.

ಹೊರೇಸ್ ಮೊದಲು ಹೋದದ್ದು ಮೇವಿಸ್‌ಳ ಅಂಗಡಿಗೆ. ಅವಳು ನೋಡುತ್ತಿರುವಂತೆಯೇ ಒಂದು ಜಾಮ್ ಬಾಟಲಿಯನ್ನು ಕೋಟಿನ ಜೇಬಿಗೆ ಇಳಿಸಿದ.

"ಹೊರೇಸ್! ಆ ಬಾಟಲಿ ಅಲ್ಲೇ ಇಡು."

ಸಿಕ್ಕಿಬಿದ್ದೆ ಎಂದು ಹೊರೇಸ್‌ಗೆ ಖುಷಿಯಾಯಿತು.

"ಅದರ ಮುಚ್ಚಳ ಸಡಿಲ ಇದೆ. ಈ ಕಡೆಯದು ತಗೋ."

"ನಾನು ದುಡ್ಡು ಕೊಡಲ್ಲ, ಮೇವಿಸ್."

"ಕೇಳಿದವರಾರು?"

"ನಾಳೇನೂ ಕೊಡಲ್ಲ. ಯಾವತ್ತೂ ಕೊಡಲ್ಲ. ನಾನು ಇದನ್ನ ಕದ್ಕೊಂಡು ಹೋಗ್ತಿದೀನಿ!"

ಮೇವಿಸ್ ಕನ್ನಡಕ ಮೇಲೇರಿಸಿ ಅವನ ಮುಖವನ್ನೇ ನೋಡಿದಳು. "ಅಯ್ಯೋ ಪಾಪ, ಸರಿಯಾಗಿ ತಿಂತಾ ಇಲ್ಲ ಅಂತ ಕಾಣತ್ತೆ. ಹಿಲ್ಡಾ ಇದ್ದಿದ್ರೆ ಹೀಗೆ ಬಿಡ್ತಿದ್ಲಾ? ತಗೋ, ಆರು ಮೊಟ್ಟೆ. ಬೇಯಿಸ್ಕೊಂಡು ತಿನ್ನು, ತಲೆ ಸರಿಹೋಗತ್ತೆ."

ದರೋಡೆಗೆ ಹೋದವನು ದಾನ ಹೊತ್ತುಕೊಂಡು ಹೊರಬಂದ.

ಎರಡನೆಯ ಪ್ರಯತ್ನಕ್ಕೆ ಅವನು ಇಗರ್ಜಿಯನ್ನು ಆರಿಸಿಕೊಂಡ. ದೇವರ ಆಸ್ತಿಗೆ ಕೈ ಹಾಕಿದರಾದರೂ ಯಾರಾದರೂ ಕೇಳದೆ ಇರುತ್ತಾರೆಯೇ! ಬಾಗಿಲ ಹೊರಗೆ ಗಾಜಿನ ಮುಚ್ಚಳದ ಸೂಚನಾಫಲಕವಿತ್ತು. ಹೊರೇಸ್ ಕಲ್ಲು ಎತ್ತಿಕೊಂಡು, ಆಚೀಚೆ ಕಿಟಕಿಗಳಲ್ಲಿ ಪರದೆ ಅಲುಗಾಡುವವರೆಗೂ ಕಾದು, ಸಾಕ್ಷಿಗಳು ಸಿದ್ಧರಾದರೆಂದು ಖಾತ್ರಿಯಾದ ಮೇಲೆ ಬೀಸಿ ಹೊಡೆದ. ಗಾಜು ಚೂರುಚೂರಾಯಿತು.

ಪಾದ್ರಿ ಟೋಬಿ ಒಳಗಿನಿಂದ ಓಡಿ ಬಂದರು. ಗಾಜು ನೋಡಿದರು, ಕಲ್ಲು ನೋಡಿದರು, ಹೊರೇಸ್‌ನನ್ನು ನೋಡಿದರು. ಆಮೇಲೆ ಅವನ ಎರಡೂ ಕೈ ಹಿಡಿದುಕೊಂಡರು.

"ಎಂಥ ಉಪಕಾರ ಮಾಡಿದ್ರಿ ಹೊರೇಸ್! ಇದರ ಕೀಲಿ ಕಳೆದು ಎರಡು ವರ್ಷ ಆಯ್ತು. ಒಳಗೆ ಇನ್ನೂ ಹಳೇ ಕ್ರಿಸ್‌ಮಸ್ ಚೀಟಿಯೇ ಇತ್ತು. ಒಡೀರಿ ಅಂದ್ರೆ ಇಗರ್ಜಿ ಸಮಿತಿಯವರು ಯಾರೂ ಧೈರ್ಯ ಮಾಡಲಿಲ್ಲ."

"ನಾನು ದುರುದ್ದೇಶದಿಂದ ಒಡೆದದ್ದು, ಪಾದ್ರಿಗಳೇ."

"ನಿಮ್ಮ ವಿನಯ ನಂಗೆ ಗೊತ್ತಿಲ್ವೇ," ಎಂದರು ಟೋಬಿ, ಪೊರಕೆ ತರಲು ಹೋಗುತ್ತ.

ಇಗರ್ಜಿಯ ಗಡಿಯಾರ ಎರಡು ಹೊಡೆಯಿತು. ಇಷ್ಟು ಒಳ್ಳೆಯ ಜನರ ನಡುವೆ ಕೆಟ್ಟವನಾಗುವುದು ಎಷ್ಟು ಕಷ್ಟವೆಂದು ಹೊರೇಸ್‌ಗೆ ಆಗ ತಿಳಿಯಿತು. ಯಾರೂ ಕ್ಷಮಿಸಲಾರದಂಥ ಒಂದು ಅಪರಾಧ ಬೇಕಿತ್ತು. ಅಂಥದ್ದು ಊರಿನಲ್ಲಿ ಒಂದೇ ಒಂದಿತ್ತು: ಮಿಸೆಸ್ ಬ್ಲೆಂಕಿನ್ ಅವರ ಬಾತುಕೋಳಿ.

ಅದು ಸಿಮೆಂಟಿನ ಬಾತುಕೋಳಿ, ತಲೆಗೆ ನೀಲಿ ಟೋಪಿ. ಅಂದಕ್ಕಾಗಿ ಇಟ್ಟದ್ದಲ್ಲ, ನೋಡಿದವರಾರೂ ಹಾಗೆಂದು ತಪ್ಪು ತಿಳಿಯುತ್ತಲೂ ಇರಲಿಲ್ಲ. ಮಿಸೆಸ್ ಬ್ಲೆಂಕಿನ್ ಅವರ ಹಿತ್ತಲಿನ ಕೊನೆಯಲ್ಲಿ ನೀರು ಹರಿಯುವ ಒಂದು ಸಣ್ಣ ತೋಡು, ತೋಡಿನಾಚೆ ಆರಡಿ ಅಗಲದ ಹುಲ್ಲುಪಟ್ಟಿ. ಆ ಪಟ್ಟಿ ತಮ್ಮ ಊರಿಗೆ ಸೇರಿದ್ದೆಂದು ಪಕ್ಕದ ಸ್ನೆಟ್‌ಬಿಯವರು ನಕ್ಷೆ ಸಮೇತ ಹೇಳುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಮಿಸೆಸ್ ಬ್ಲೆಂಕಿನ್ ಅಲ್ಲಿ ಬಾತುಕೋಳಿಯನ್ನು ನಿಲ್ಲಿಸಿ, "ನನ್ನ ಬಾತು ನಿಂತಲ್ಲಿವರೆಗೂ ಹಾಬಲ್ಟನ್! ಒಂದು ಅಂಗುಲ ಬಿಡಲ್ಲ!" ಎಂದು ತುಂಬಿದ ಸಭೆಯಲ್ಲಿ ಸಾರಿದ್ದರು. ಸ್ನೆಟ್‌ಬಿಯಿಂದ ವರ್ಷಕ್ಕೊಂದು ಪತ್ರ ಬರುತ್ತಿತ್ತು. ಮಿಸೆಸ್ ಬ್ಲೆಂಕಿನ್ ಓದಿ ನಕ್ಕು ಮೇಜಿನ ಖಾನೆಗೆ ಹಾಕುತ್ತಿದ್ದರು.

ಹೊರೇಸ್ ಹಾಡಹಗಲಲ್ಲಿ ತಳ್ಳುಗಾಡಿ ತಂದು, ತೋಡಿಗೆ ಹಲಗೆ ಹಾಕಿ, ಬಾತುಕೋಳಿಯನ್ನು ತಬ್ಬಿಕೊಂಡ. ರುಬ್ಬುವ ಕಲ್ಲಿನಷ್ಟು ಭಾರ. ಅಲುಗಲಿಲ್ಲ. ಆ ದಾರಿಯಲ್ಲಿ ಬರುತ್ತಿದ್ದ ಪಾದ್ರಿ ಟೋಬಿ ಕೋಟು ಕಳಚಿ ಬಂದೇಬಿಟ್ಟರು.

"ಬಿಡಿ, ಸೊಂಟ ಹಿಡ್ಕೊಂಡೀತು. ನಾನು ಬಾಲದ ಕಡೆ ಹಿಡೀತೀನಿ."

"ದಯವಿಟ್ಟು ಬೇಡ ಪಾದ್ರಿಗಳೇ, ಇದು ಕಳ್ಳತನ."

"ಬಣ್ಣ ಹೊಡೆಸಕ್ಕಾ? ಬಹಳ ದಿನದಿಂದ ಅಂದ್ಕೊಂಡಿದ್ದೆ. ಹೂಂ, ಎತ್ತಿ!"

ಹೋಗಬೇಕಾದದ್ದು ಪಕ್ಕದ ಮನೆಗೇ ಆದರೂ, ನಾಲ್ಕು ಜನ ನೋಡಲೆಂದು ಹೊರೇಸ್ ಸುತ್ತುದಾರಿ ಹಿಡಿದ. ಇಬ್ಬರೂ ಸೇರಿ ಮುಖ್ಯ ಬೀದಿಯಲ್ಲೇ ಗಾಡಿ ತಳ್ಳಿಕೊಂಡು ಹೋದರು. ಹದಿನಾಲ್ಕು ಕಿಟಕಿಗಳ ಪರದೆ ಅಲುಗಿತು. ಮೇವಿಸ್ ಅಂಗಡಿಯಿಂದಲೇ ಕೈಬೀಸಿ, "ಮೊಟ್ಟೆ ತಿಂದ್ಯಾ?" ಎಂದು ಕೂಗಿದಳು. ಹೊರೇಸ್‌ನ ಕಲ್ಲಿದ್ದಲ ಕೊಟ್ಟಿಗೆಯಲ್ಲಿ ಇಳಿಸುವಾಗ ಮಾತ್ರ ಪಾದ್ರಿಗಳ ಕೈ ಜಾರಿ ಬಾತುಕೋಳಿಯ ಟೋಪಿ ಮುರಿಯಿತು. "ನಾನು ಇಲ್ಲಿಗೆ ಬಂದೇ ಇರಲಿಲ್ಲ ಅಂತ ಇಟ್ಕೊಳ್ಳೋಣ," ಎಂದು ಟೋಬಿ ಕೋಟು ಹಾಕಿಕೊಂಡು ಮರೆಯಾದರು.

ನಾಲ್ಕೂವರೆಗೆ ಹೊರೇಸ್ ಪೇದೆಯ ಮೇಜಿನ ಮುಂದೆ ನಿಂತು ಎರಡೂ ಕೈ ಚಾಚಿದ.

"ಕೋಳ ಹಾಕು. ಮಿಸೆಸ್ ಬ್ಲೆಂಕಿನ್ ಬಾತುಕೋಳಿ ಕದ್ದಿದೀನಿ."

ಡೆರೆಕ್‌ನ ಪೆನ್ನು ಕೆಳಗೆ ಬಿತ್ತು. "ತಲೆ ಕೆಟ್ಟಿದೆಯೇನೋ ನಿಂಗೆ?"

"ಪಟ್ಟಿಗೆ ಬರ್ಕೋ ಅಂದ್ರೆ. ಇನ್ನು ಅರ್ಧ ಗಂಟೆ ಇದೆ."

ಡೆರೆಕ್ ಬಗ್ಗಿ ಪೆನ್ನು ಎತ್ತಿಕೊಂಡ. ಮೂಗು ಒರೆಸಿಕೊಂಡ. "ಯಜಮಾನರು ದೂರು ಕೊಡದೆ ಬರೆಯಕ್ಕಾಗಲ್ಲ ಹೊರೇಸ್. ಅವರು ಕೊಡ್ತಾರಾ? ಆ ಹೆಂಗಸು ಮನೆಗೆ ಬೆಂಕಿ ಬಿದ್ರೂ ಚಳಿ ಕಾಯಿಸ್ಕೊಳ್ತಿದೀನಿ ಅನ್ನೋರು."

ಇಬ್ಬರೂ ಓಡಿದರು. ಮಿಸೆಸ್ ಬ್ಲೆಂಕಿನ್ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದರು.

"ಕಳವೇ? ಹಾಬಲ್ಟನ್‌ನಲ್ಲೇ? ಇಲ್ಲಪ್ಪ. ಹೊರೇಸ್ ಅದನ್ನ ಎರವಲು ತಗೊಂಡಿದಾರೆ, ಅಷ್ಟೇ."

"ಎರವಲಲ್ಲ! ನಾನು ಕೇಳಲೇ ಇಲ್ಲ!"

"ಕೇಳಿದ್ರೆ ಕೊಡ್ತಿದ್ದೆ. ಹಾಗಾಗಿ ಎರವಲೇ."

ಹೊರೇಸ್ ಗಡಿಯಾರ ನೋಡಿದ. ಹದಿನೈದು ನಿಮಿಷ. ಬದುಕಿನಲ್ಲಿ ಯಾರಿಗೂ ಕೆಟ್ಟ ಮಾತು ಆಡದ ಮನುಷ್ಯ ಉಸಿರು ಬಿಗಿಹಿಡಿದ. "ನಿಮ್ಮ ಬಾತುಕೋಳಿ ಅಸಹ್ಯವಾಗಿದೆ ಮಿಸೆಸ್ ಬ್ಲೆಂಕಿನ್! ಒಂಬತ್ತು ವರ್ಷದಿಂದ ನಂಗೆ ಅದರ ಮುಖ ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಕದ್ದೆ. ಟೋಪೀನೂ ಮುರಿದು ಹಾಕಿದೀನಿ!"

ಮಿಸೆಸ್ ಬ್ಲೆಂಕಿನ್ ಅವರ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಅವರ ಒಳಗೆ ಅಧ್ಯಕ್ಷೆ ಮತ್ತು ಬಾತುಕೋಳಿಯ ಯಜಮಾನಿ ಜುಟ್ಟು ಹಿಡಿದುಕೊಂಡು ಜಗಳವಾಡುತ್ತಿರುವುದು ಹೊರಗಿನಿಂದಲೇ ಕಾಣುತ್ತಿತ್ತು. ಗೋಡೆಯ ಖಾಲಿ ಮೊಳೆಯನ್ನು ಒಮ್ಮೆ ನೋಡಿದರು, ಹೊರೇಸ್‌ನನ್ನು ಒಮ್ಮೆ ನೋಡಿದರು.

"ಟೋಪಿ... ಮುರಿದೆಯಾ?" ಎಂದರು. "ಡೆರೆಕ್! ಬರ್ಕೊಳ್ಳಿ! ಕಳ್ಳತನ!"

ಹೊರೇಸ್‌ಗೆ ಕುಣಿಯುವಂತಾಯಿತು. ಡೆರೆಕ್ ಗಡಿಬಿಡಿಯಿಂದ ಪುಸ್ತಕ ತೆರೆದ. ವಸ್ತು: ಬಾತುಕೋಳಿ, ಸಿಮೆಂಟಿನದು. ಆರೋಪಿ: ಹೊರೇಸ್ ಗಾರ್ಸೈಡ್. ತಪ್ಪೊಪ್ಪಿಗೆ: ಬೇಡವೆಂದರೂ ಕೊಟ್ಟದ್ದು.

"ಕಳವಾದ ಸ್ಥಳ?" ಎಂದ ಡೆರೆಕ್.

ಮಿಸೆಸ್ ಬ್ಲೆಂಕಿನ್ ಬಾಯಿ ತೆರೆದವರು ಹಾಗೆಯೇ ನಿಂತರು. ನಿಧಾನವಾಗಿ ಮುಖದ ಕೆಂಪು ಇಳಿದು, ಬೆಣ್ಣೆ ಸವರಿದಂಥ ನಗೆಯೊಂದು ಹರಡಿತು.

"ಸ್ನೆಟ್‌ಬಿ," ಎಂದರು.

"ಏನಂದ್ರಿ?"

"ತೋಡಿನ ಆಚೆ ಕಡೆ ಸ್ನೆಟ್‌ಬಿಯವರದ್ದಲ್ವೇ? ಪಾಪ, ಅವರೂ ಒಂಬತ್ತು ವರ್ಷದಿಂದ ಹೇಳ್ತಾನೇ ಇದಾರೆ." ಅವರು ಒಳಗೆ ಹೋಗಿ ಖಾನೆಯಿಂದ ಒಂಬತ್ತು ಪತ್ರಗಳನ್ನೂ ನಕ್ಷೆಯನ್ನೂ ತಂದು ಡೆರೆಕ್‌ನ ಕೈಗಿಟ್ಟರು. "ನೋಡಿ, ಎಷ್ಟು ಸ್ಪಷ್ಟವಾಗಿದೆ. ಬೇರೆಯವರ ನೆಲ ನಮಗ್ಯಾಕೆ? ಛೇ, ಸ್ನೆಟ್‌ಬಿ ಇತ್ತೀಚೆಗೆ ತುಂಬ ಕೆಟ್ಟುಹೋಗಿದೆ. ನೋಡಿ, ಹಾಡಹಗಲಲ್ಲೇ ಕಳ್ಳತನ!"

ಇಗರ್ಜಿಯ ಗಡಿಯಾರ ಐದು ಹೊಡೆಯಿತು. ಹಾಬಲ್ಟನ್: ಸೊನ್ನೆ. ಸ್ನೆಟ್‌ಬಿ: ಒಂದು.

ಹಿಂದಿನ ವರ್ಷ ಸೊನ್ನೆಯಿದ್ದ ಸ್ನೆಟ್‌ಬಿಯಲ್ಲಿ ಅಪರಾಧ ಹೀಗೆ ಏಕಾಏಕಿ ಏರಿದ್ದು ಕಂಡು ಮೇಲಿನವರು ಗಾಬರಿಯಾದರು. ಬಂದರು ಪಟ್ಟಣ ಹೇಗೋ ಸುಧಾರಿಸಿಕೊಳ್ಳಲಿ ಎಂದು ಆ ರಾತ್ರಿಯೇ ಡೆರೆಕ್‌ನನ್ನು ಸ್ನೆಟ್‌ಬಿಗೆ ಹಾಕಿದರು.

ಸುದ್ದಿ ಕೇಳಿ ಹೊರೇಸ್‌ಗೆ ಜೀವ ಬಂದಂತಾಯಿತು. ಸ್ನೆಟ್‌ಬಿ ಎಂದರೆ ಒಂದು ಮೈಲಿ. ಸೈಕಲ್ಲಿನಲ್ಲಿ ಹತ್ತು ನಿಮಿಷ. ಶುಕ್ರವಾರ ಸಂಜೆ ಅವನು ಮೇವಿಸ್ ಕೊಟ್ಟ ಮೊಟ್ಟೆ ಹಾಕಿ ಕೇಕ್ ಮಾಡಿ, ಬಿಲ್ಲೆಗಳನ್ನು ಒರೆಸಿ, ಎರಡು ಕಪ್ ಇಟ್ಟು ಕಾದ. ಸರಿಯಾದ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಡೆರೆಕ್ ಟೋಪಿ ತೆಗೆಯಲಿಲ್ಲ. ಹೊಸ್ತಿಲು ದಾಟಲೂ ಇಲ್ಲ.

"ಒಳಗೆ ಬರೋ ಹಾಗಿಲ್ಲ ಹೊರೇಸ್. ಆರೋಪಿ ಜೊತೆ ಪೇದೆ ಕೂತು ಆಟ ಆಡೋದು ನಿಯಮಕ್ಕೆ ವಿರುದ್ಧ. ಸ್ನೆಟ್‌ಬಿಯಲ್ಲಿ ನಂಗಿರೋದು ಒಂದೇ ಕೇಸು. ಅದು ನೀನು."

"ಎಷ್ಟು ದಿನ?"

"ಕೇಸು ಮುಗಿಯೋವರೆಗೂ. ಬೇರೆ ಕೇಸೇ ಇಲ್ವಲ್ಲ, ಇದನ್ನ ಮುಗಿಸಿದ್ರೆ ನನ್ನನ್ನ ಬಂದರಿಗೆ ಕಳಿಸ್ತಾರೆ."

ಹೊರೇಸ್ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಮತ್ತೆ ಈಗ ಈ ಕಡೆ ಬಂದದ್ದು?"

ಡೆರೆಕ್ ಬೂಟಿನ ತುದಿ ನೋಡಿಕೊಂಡ. "ನೊಂದವರನ್ನ ವಾರಕ್ಕೆರಡು ಸಲ ಕಂಡು ಧೈರ್ಯ ಹೇಳಬೇಕಂತೆ. ಮಿಸೆಸ್ ಬ್ಲೆಂಕಿನ್ ತುಂಬ ನೊಂದಿದಾರಂತೆ. ಮಂಗಳವಾರ, ಶುಕ್ರವಾರ ಆಗಬಹುದು ಅಂದ್ರು." ಅವನು ಗಂಟಲು ಸರಿಮಾಡಿಕೊಂಡ. "ಮನಸ್ಸು ಬೇರೆ ಕಡೆ ಹೋಗ್ಲಿ ಅಂತ ಏನಾದ್ರೂ ಆಡಬೇಕಂತೆ. ಆ ಡಾಮಿನೊ ಪೆಟ್ಟಿಗೆ... ಅವರ ಹತ್ರ ಇಲ್ಲವಂತೆ."

ಹೊರೇಸ್ ಪೆಟ್ಟಿಗೆ ತಂದು ಕೊಟ್ಟ. ಕೇಕನ್ನೂ ಕೊಟ್ಟ.

ಮಂಗಳವಾರ ಬಿಸಿಲು ಚೆನ್ನಾಗಿತ್ತು. ಪಕ್ಕದ ಹಿತ್ತಲಿನಲ್ಲಿ ಮೇಜು ಹಾಕಿದ್ದರು. ಗೋಡೆಯ ಮೊಳೆಯಲ್ಲಿ ಹಿತ್ತಾಳೆಯ ಫಲಕ ಹೊಳೆಯುತ್ತಿತ್ತು. ಟೋಪಿ ಅಂಟಿಸಿಕೊಂಡ ಬಾತುಕೋಳಿ ಈಗ ತೋಡಿನ ಈಚೆ, ನೇರವಾಗಿ ಹೊರೇಸ್‌ನ ಅಡುಗೆಮನೆಯ ಕಿಟಕಿಯನ್ನೇ ದಿಟ್ಟಿಸುತ್ತಿತ್ತು. ಟಕ್, ಟಕ್ ಎಂದು ಬಿಲ್ಲೆಗಳ ಸದ್ದು. ಹೊರೇಸ್ ತಡೆಯಲಾರದೆ ಬೇಲಿಯ ಮೇಲಿಂದ ಇಣುಕಿದ. ಡೆರೆಕ್ ಕೇಕಿಗೆಂದು ಆ ಕಡೆ ತಿರುಗಿದ್ದೇ ತಡ, ಮಿಸೆಸ್ ಬ್ಲೆಂಕಿನ್ ಮೇಜಿನ ಮೇಲಿನ ಜೋಡಿ ಆರರ ಬಿಲ್ಲೆಯನ್ನು ಸರಕ್ಕನೆ ಸ್ವೆಟರಿನ ತೋಳಿನೊಳಗೆ ಸೇರಿಸಿದರು.

"ಡೆರೆಕ್!" ಹೊರೇಸ್ ಕಿರುಚಿದ. "ಕದ್ರು! ತೋಳಲ್ಲಿದೆ ನೋಡು! ನಾನು ಕಣ್ಣಾರೆ ಕಂಡೆ!"

ಡೆರೆಕ್ ಬಾಯಿ ತುಂಬ ಕೇಕ್ ಇಟ್ಟುಕೊಂಡು ಮಿಸೆಸ್ ಬ್ಲೆಂಕಿನ್ ಕಡೆ ನೋಡಿದ. ಅವರು ತಲೆ ಕೂಡ ಎತ್ತಲಿಲ್ಲ. ಚಹಾದ ಚಮಚದಿಂದ ಗೋಡೆಯ ಫಲಕವನ್ನು ತೋರಿಸಿದರು.

"ಹಾಬಲ್ಟನ್‌ನಲ್ಲಿ ಅಂಥದ್ದೆಲ್ಲ ನಡೆಯಲ್ಲ, ಹೊರೇಸ್."