ಡ್ರಾಯಿಂಗ್ ಮೇಷ್ಟ್ರ ಸಿಸಿಲಿಯನ್ ಡಿಫೆನ್ಸ್

ಚೆಸ್ ಆಡಲು ಎದುರಿಗೆ ಇನ್ನೊಬ್ಬ ಬೇಕು. ನನಗಾದ ಫಜೀತಿಗಳೆಲ್ಲ ಆ ಇನ್ನೊಬ್ಬನನ್ನು ಹುಡುಕಲು ಹೋಗಿ ಆದವು. ಇನ್ನೂ ಆಗುತ್ತಲೇ ಇವೆ.

ನಾನು ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವನು. ಈಗ ಆ ಕೆಲಸಕ್ಕೆ ಟ್ರೈನ್ ಮ್ಯಾನೇಜರ್ ಎನ್ನುತ್ತಾರೆ. ಹೆಸರು ಬದಲಾಗಿದೆ, ಕಡೆಯ ಡಬ್ಬಿಯಲ್ಲಿ ಒಬ್ಬನೇ ಕೂರುವುದು ಬದಲಾಗಿಲ್ಲ. ಮೂವತ್ತನಾಲ್ಕು ವರ್ಷ ಕೂತೆ. ಮದುವೆಯಾಗಲಿಲ್ಲ. ರಿಟೈರಾದ ಮೇಲೆ ಚಿಕ್ಕಜಾಜೂರಿನಲ್ಲೇ, ಸ್ಟೇಷನ್ ಹಿಂದೆ ಒಂದು ರೂಮು ಹಿಡಿದೆ.

೧. ಹೋಟೆಲಿನ ಬೋರ್ಡು

ಸ್ಟೇಷನ್ ರಸ್ತೆಯ ಹೋಟೆಲಿನವರ ಹತ್ತಿರ ಒಂದು ಚೆಸ್ ಬೋರ್ಡು ಇತ್ತು. ಮಧ್ಯಾಹ್ನ ಗಿರಾಕಿ ಕಡಿಮೆ. ಕೂತೆವು. ನಾನು ರಾಜನ ಮುಂದಿನ ಸಿಪಾಯಿಯನ್ನು ಎರಡು ಮನೆ ಮುಂದಿಟ್ಟೆ. ಅವರು ಅದನ್ನೆತ್ತಿ ಒಂದು ಮನೆ ಹಿಂದಿಟ್ಟರು.

“ನಮ್ಮ ಕಡೆ ಸಿಪಾಯಿ ಒಂದೇ ಮನೆ ಹೋಗಾದು. ಎರಡು ಮನೆ ಹಾರಾಕೆ ಅದೇನು ಕುದುರೇನ್ರೀ?”

ಹಳೇ ಕಾಲದ ನಾಟಿ ಆಟದಲ್ಲಿ ಹಾಗೆಯೇ. ಒಪ್ಪಿದೆ. ಅವರ ಕಾನೂನಿನಲ್ಲೇ ಆಡಿ ಅವರನ್ನು ಸೋಲಿಸಿದೆ.

ಮರುದಿನ ಹೋದರೆ ಟೀ ಬಂತು, ಬೋರ್ಡು ಬರಲಿಲ್ಲ.

“ದೋಸೆ ಹಿಟ್ಟು ಬಿದ್ದಿತ್ತು. ತೊಳದು ಒಣಗಾಕೆ ಹಾಕೀನಿ,” ಎಂದರು.

ಎರಡು ವರ್ಷವಾಯಿತು. ನಮ್ಮೂರ ಬಿಸಿಲಿಗೆ ಮೆಣಸಿನಕಾಯಿ ನಾಲ್ಕು ದಿನಕ್ಕೆ ಒಣಗುತ್ತದೆ. ಬೋರ್ಡು ಇನ್ನೂ ಒಣಗಿಲ್ಲ.

೨. ಎರಡು ತಟ್ಟೆ

ಆಮೇಲೆ ನಾನೇ ಒಂದು ಬೋರ್ಡು ಕೊಂಡೆ. ಎರಡೂ ಕಡೆ ನಾನೇ ಆಡಿದೆ. ಬಿಳಿ ನಡೆಸಿ, ಎದ್ದು, ಆ ಕಡೆಯ ಕುರ್ಚಿಗೆ ಹೋಗಿ ಕಪ್ಪು ನಡೆಸುವುದು. ಮಂಡಿಗೂ ಒಳ್ಳೆಯದು.

ಮನೆ ಓನರಮ್ಮ ಒಂದು ಸಂಜೆ ಕಿಟಕಿಯಲ್ಲಿ ನಿಂತು ನೋಡಿದರು.

“ಯಾರು ಗೆದ್ರು?”

“ಕಪ್ಪು.”

“ಅಂದ್ರೆ ನೀವು?”

“ಹೂಂ.”

“ಸೋತಿದ್ಯಾರು?”

ನಾನು ಕಾಯಿಗಳನ್ನು ಮತ್ತೆ ಜೋಡಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಒಗ್ಗರಣೆ ಮಂಡಕ್ಕಿ ತಂದರು. ಎರಡು ತಟ್ಟೆ.

“ಇಬ್ರು ಆಡ್ತಿದೀರಲ್ರೀ, ಒಬ್ರಿಗೇ ಹೆಂಗೆ ಕೊಡಾದು,” ಎಂದು ಹೋದರು.

ಎರಡನ್ನೂ ನಾನೇ ತಿಂದೆ. ಬಿಳಿಯವನು ಸೋತಿದ್ದ. ಅವನಿಗೆ ಹಸಿವಿರಲಿಲ್ಲ.

೩. ಮೀಸೆ

ಡ್ರಾಯಿಂಗ್ ಮೇಷ್ಟ್ರು ಸಿಕ್ಕಿದ್ದು ಪ್ಲಾಟ್‌ಫಾರಂ ಬೆಂಚಿನಲ್ಲಿ. ಹೊಳಲ್ಕೆರೆಯವರು, ನನ್ನ ಹಾಗೆ ರಿಟೈರಾದವರು. ಅವರ ರೈಲು ತಪ್ಪಿತ್ತು. ನನ್ನ ಪಕ್ಕದಲ್ಲಿ ಬೋರ್ಡು ಇತ್ತು. ಅಂದಿನಿಂದ ಮಂಗಳವಾರ, ಶನಿವಾರ ಬಸ್ಸಿನಲ್ಲಿ ನನ್ನ ರೂಮಿಗೆ ಬರತೊಡಗಿದರು.

ನಾನು ರಾಜನ ಸಿಪಾಯಿಯನ್ನು ಎರಡು ಮನೆ ಇಟ್ಟರೆ ಬೇರೆಯವರು ಎದುರಿಗೆ ಅಂಥದೇ ಸಿಪಾಯಿ ಇಡುತ್ತಾರೆ. ಇವರು ಇಡುವುದಿಲ್ಲ. ಮಂತ್ರಿಯ ಮಗ್ಗುಲಿನ ಒಂಟೆಯ ಮುಂದಿರುವ ಸಿಪಾಯಿಯನ್ನು ನೂಕುತ್ತಾರೆ. ನೂಕಿ, ಪ್ರತಿಸಲ ಹೇಳುತ್ತಾರೆ: “ಸಿಸಿಲಿಯನ್ ಡಿಫೆನ್ಸ್, ಗಾರ್ಡ್ ಸಾಹೇಬ್ರೇ. ಫೋನಿನಾಗೆ ನೋಡಿ ಕಲ್ತಿದ್ದು.”

ನಾನು ನಡುವೆ ಕಾಯುತ್ತಿದ್ದರೆ ಅವರು ಮಗ್ಗುಲಿಂದ ನುಗ್ಗುತ್ತಿದ್ದರು. ಸೋತೆ. ಪ್ರತಿ ವಾರ ಎರಡು ಸಲ ಸೋತೆ.

ಗೆದ್ದ ಮೇಲೆ ಮೇಷ್ಟ್ರು ಚೀಲದಿಂದ ಡ್ರಾಯಿಂಗ್ ಪುಸ್ತಕ ತೆಗೆದು ಬೋರ್ಡಿನ ಚಿತ್ರ ಬರೆಯುತ್ತಿದ್ದರು. ಮಲಗಿದ ಬಿಳಿ ರಾಜನಿಗೆ ನನ್ನ ಮೀಸೆ ಹಾಕುತ್ತಿದ್ದರು. ಒಂದು ದಿನ ನನ್ನ ಮುಖವನ್ನೇ ನೋಡುತ್ತ ಹೇಳಿದರು: “ನರೆ ಜಾಸ್ತಿ ಆಗೈತೆ. ಬಿಳೀ ಬಣ್ಣ ಖಾಲಿ ಆಗ್ತಾ ಬಂತು. ಸ್ವಲ್ಪ ನೋಡ್ಕೊಂಡು ಸೋಲ್ರಿ.”

೪. ಪೋಷಕರ ಸಹಿ

ಸೋಲುವುದರಲ್ಲಿ ಒಂದು ಅನುಕೂಲವಿತ್ತು. ಗೆದ್ದವರು ಮತ್ತೆ ಬರುತ್ತಾರೆ. ಇವರೂ ಬರದಿದ್ದರೆ ವಾರದಲ್ಲಿ ನನ್ನ ಬಾಗಿಲು ತಟ್ಟುವವನು ಹಾಲಿನವನು ಮಾತ್ರ. ಅದು ಗೊತ್ತಿತ್ತು. ಆದರೂ ಮೀಸೆಯ ಚಿತ್ರ ಇಪ್ಪತ್ತು ದಾಟಿದಾಗ ತಡೆಯಲಾಗಲಿಲ್ಲ. ಚಿತ್ರದುರ್ಗದಲ್ಲಿ ಭಾನುವಾರದ ಚೆಸ್ ಕ್ಲಾಸಿಗೆ ಹೋದೆ.

“ಮೊಮ್ಮಗನ್ನ ಸೇರಿಸ್ಬೇಕಾ ಅಜ್ಜ?” ಎಂದು ಕಲಿಸುವ ಹುಡುಗಿ ಕೇಳಿದಳು.

“ನಾನೇ ಸೇರೋದು.”

ಫಾರಂ ಕೊಟ್ಟಳು. ಕೆಳಗೆ ‘ಪೋಷಕರ ಸಹಿ’ ಎಂದಿತ್ತು.

“ಮನೇಲಿ ಯಾರಾದ್ರೂ?”

“ಇಲ್ಲ.”

ಅಲ್ಲಿಯೂ ನಾನೇ ಸಹಿ ಹಾಕಿದೆ. ಎರಡನೇ ಕ್ಲಾಸಿನ ಮಕ್ಕಳ ನಡುವೆ, ಅವರ ಅಳತೆಯ ಕುರ್ಚಿಯಲ್ಲಿ ಕೂತು ಕಲಿತೆ. ಸಿಸಿಲಿಯನ್‌ಗೆ ಮದ್ದು ದೊಡ್ಡದೇನಲ್ಲ. ಅವರು ಒಂಟೆಯ ಸಿಪಾಯಿ ನೂಕಿದರೆ, ನಾವೂ ಆ ಸಾಲಿನ ನಮ್ಮ ಸಿಪಾಯಿಯನ್ನು ಒಂದೇ ಮನೆ ಸರಿಸಿ ಸುಮ್ಮನಿರುವುದು. ಆಮೇಲೆ ನಡುವಿನ ಜಾಗ ನಮ್ಮದು.

ತಿಂಗಳ ಕೊನೆಗೆ ಪೋಷಕರ ಸಭೆ. ಹೋದೆ. ಹುಡುಗಿ ನಗದೆ ವರದಿ ಓದಿದಳು: “ಆಟ ಚುರುಕಾಗಿದೆ. ಯಾರ ಜೊತೆಗೂ ಬೆರೆಯಲ್ಲ. ಮನೇಲಿ ಸ್ವಲ್ಪ ಮಾತಾಡ್ಸಿ.”

೫. ಇನ್ನೊಬ್ಬ ಗಾರ್ಡ್

ಶನಿವಾರ ಮೇಷ್ಟ್ರು ಸಿಪಾಯಿ ನೂಕಿ ಎಂದಿನಂತೆ ಡಿಫೆನ್ಸಿನ ಹೆಸರು ಹೇಳಿದರು. ನಾನು ಒಂದು ಮನೆ ಸರಿಸಿದೆ.

“ಇದೇನ್ರೀ ಇದು?”

“ಸಿಪಾಯಿ.”

“ನನ್ನ ಫೋನಿನಾಗೆ ಇದು ಬಂದಿಲ್ಲ.”

ಗೆದ್ದೆ. ಅವರು ಡ್ರಾಯಿಂಗ್ ಪುಸ್ತಕ ತೆಗೆಯಲಿಲ್ಲ. “ಬಸ್ಸಿಗೆ ಹೊತ್ತಾತು,” ಎಂದು ಎದ್ದರು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.

ಮಂಗಳವಾರ ಬೋರ್ಡು ಜೋಡಿಸಿ ಕೂತೆ. ಹೊಳಲ್ಕೆರೆ ಬಸ್ಸು ಬಂತು, ಹೋಯಿತು. ಶನಿವಾರವೂ ಅಷ್ಟೆ. ಫೋನ್ ಮಾಡಬಹುದಿತ್ತು, ಏನು ಹೇಳುವುದೆಂದು ತಿಳಿಯಲಿಲ್ಲ. ಎರಡೂ ಕಡೆ ನಾನೇ ಆಡಲು ನೋಡಿದೆ. ಕಪ್ಪಿನ ಆ ಮೊದಲ ಸಿಪಾಯಿಯನ್ನು ನೂಕಲು ಕೈ ಬರಲಿಲ್ಲ. ಅದು ಅವರದು.

ಮೂರು ವಾರ ಕಳೆದ ಮೇಲೆ ನಾನೇ ಬಸ್ಸು ಹತ್ತಿದೆ. ಬಾಗಿಲು ತೆಗೆದದ್ದು ಅವರ ಹೆಂಡತಿ.

“ಗಾರ್ಡ್ ಸಾಹೇಬ್ರಾ? ಬರ್ರಿ, ಕುಂತ್ಕಳ್ರಿ. ಮೂರು ವಾರದಿಂದ ಈ ಮನೆಯಾಗೆ ನಾನೇ ಗಾರ್ಡ್ ಸಾಹೇಬ್ರು.”

ಒಳಗೆ ಬೋರ್ಡು ಹಾಸಿತ್ತು. ಮೇಷ್ಟ್ರು ಕಪ್ಪಿನ ಹಿಂದೆ ತಲೆ ತಗ್ಗಿಸಿ ಕೂತಿದ್ದರು. ನನ್ನ ಆ ಒಂದು ಮನೆಯ ನಡೆಯನ್ನು ಹೆಂಡತಿಗೆ ಕಲಿಸಿ, ಅದನ್ನು ಮುರಿಯುವುದನ್ನು ಅಭ್ಯಾಸ ಮಾಡುತ್ತಿದ್ದರು.

“ನೀವು ಮಾತಾಡಲ್ಲಂತೆ. ಅದಕ್ಕೆ ಆಡುವಾಗ ನಾನೂ ಬಾಯಿ ಬಿಡಂಗಿಲ್ಲಂತೆ,” ಎಂದರು ಆಕೆ. “ಹೂಂ ಅಂತ ಮಾತ್ರ ಅನ್ನಬೌದು.”

“ಇವಳನ್ನ ಗೆದ್ದ ಮ್ಯಾಲೇ ನಿಮ್ಮ ಎದುರು ಕೂರಾದು,” ಎಂದರು ಮೇಷ್ಟ್ರು.

“ಎಷ್ಟಾಗಿದೆ?”

“ಒಂದೂ ಗೆದ್ದಿಲ್ಲ,” ಎಂದರು ಆಕೆ.

ಮೇಷ್ಟ್ರು ನೀರು ಕುಡಿಯಲು ಎದ್ದಾಗ ಮೆಲ್ಲಗೆ ಕೇಳಿದೆ: “ತಾಯಿ, ಒಂದು ಆಟ ಸೋತುಬಿಡ್ರಿ.”

“ಚೆನ್ನಾಗ್ ಹೇಳ್ತೀರಿ. ಮದುವೆ ಆದಾಗಿಂದ ಈ ಮನೆಯಾಗೆ ನಾನು ಗೆಲ್ತಿರಾದು ಇದೇ ಮೊದಲು.”

ಈಗ ವಾರಕ್ಕೆರಡು ಸಲ ನಾನೇ ಹೊಳಲ್ಕೆರೆಗೆ ಹೋಗುತ್ತೇನೆ. ಗೋಡೆಯ ಪಕ್ಕ ನನಗೊಂದು ಕುರ್ಚಿ ಹಾಕುತ್ತಾರೆ. ಗಂಡ ಹೆಂಡತಿ ಆಡುತ್ತಾರೆ. ನಾನು ಪಾಳಿ ಕಾಯುತ್ತೇನೆ.

ಮೊನ್ನೆ ಮೇಷ್ಟ್ರು ಗೆಲ್ಲುವ ಹಂತಕ್ಕೆ ಬಂದರು. ಇನ್ನೆರಡು ನಡೆ, ಆಮೇಲೆ ನಾನು ಅವರ ಎದುರು ಕೂರಬಹುದಿತ್ತು. ಆಕೆ ಬೋರ್ಡು ಬಿಟ್ಟು ನನ್ನ ಮುಖ ನೋಡಿದರು. ಎಷ್ಟಾದರೂ ಆಕೆ ಆಡುತ್ತಿದ್ದದ್ದು ಗಾರ್ಡ್ ಸಾಹೇಬರಾಗಿ, ಅಲ್ಲಿ ಸೋಲುತ್ತಿದ್ದವನು ನಾನು. ನಡೆಸಬೇಕಾದ ಕುದುರೆಯನ್ನು ಕಣ್ಣಲ್ಲೇ ತೋರಿಸಿಬಿಟ್ಟೆ.

ಆಕೆ ಗೆದ್ದರು. ನಾನು ಸಂಜೆ ಬಸ್ಸಿಗೆ ಒಬ್ಬನೇ ವಾಪಸ್ಸು ಬಂದೆ.