ತೊಂಬತ್ತು ದಿನ ಯಾರಿಗೂ ಬೇಡವಾದ ವಸ್ತುಗಳನ್ನು ದೂರದ ಗೋದಾಮಿಗೆ ಸಾಗಿಸುವ ಬಗ್ಗೆ

ಸಂಖ್ಯೆ: ವ.ದೂ.ಸಾ./ತಾನಾಗಿ/7/ತಿದ್ದುಪಡಿಗೆ ತಿದ್ದುಪಡಿ
ದಿನಾಂಕ: ಈ ತಿಂಗಳ ಇಪ್ಪತ್ತು

ಸುತ್ತೋಲೆ

ವಿಷಯ: ಹಳೆಯ ವಸ್ತುಗಳ ಸ್ವಯಂಚಾಲಿತ ಸ್ಥಳಾಂತರ, ಸದರಿ ವಸ್ತುಗಳೊಂದಿಗೆ ದಾಖಲೆ ಕೋಣೆಯ ಹಿರಿಯ ಗುಮಾಸ್ತರೂ ಸ್ಥಳಾಂತರಗೊಂಡಿರುವ ಕುರಿತು ಸ್ಪಷ್ಟೀಕರಣ.

ಉಲ್ಲೇಖ:
1) ಇದೇ ಕಚೇರಿಯ ಹಿಂದಿನ ಸುತ್ತೋಲೆ (ಯಾರೂ ತೆರೆದು ನೋಡದ ಕಾರಣ ಗೋದಾಮಿನಲ್ಲಿದೆ).
2) ಅದರ ನಕಲು (ಅದೂ ಅಲ್ಲೇ ಇದೆ).
3) ಹಿರಿಯ ಗುಮಾಸ್ತರ ಪತ್ನಿಯವರ ಮೌಖಿಕ ದೂರು, ಕಚೇರಿಯ ಮೆಟ್ಟಿಲ ಮೇಲೆ, ಏರುದನಿಯಲ್ಲಿ.

ಮೇಜುಗಳ ಮೇಲೆ ಮೊಣಕೈ ಊರಲೂ ಜಾಗವಿಲ್ಲದಂತಾದ ಹಿನ್ನೆಲೆಯಲ್ಲಿ, ಕಚೇರಿಯ ಪ್ರತಿಯೊಂದು ವಸ್ತುವಿಗೂ ಚೀಟಿ ಅಂಟಿಸಿ, ಅದು ಕೊನೆಯದಾಗಿ ಯಾರಿಗಾದರೂ ಬೇಕಾದ ದಿನವನ್ನು ಅದರಲ್ಲಿ ಬರೆದಿಡುವ ಪದ್ಧತಿಯನ್ನು ಜಾರಿಗೆ ತಂದಿರುವುದು ಸರಿಯಷ್ಟೆ. ಸದರಿ ಪದ್ಧತಿಯು ನಿರೀಕ್ಷೆಗಿಂತ ಚೆನ್ನಾಗಿ ನಡೆಯುತ್ತಿರುವುದರಿಂದ ಈ ಕೆಳಕಂಡಂತೆ ಸೂಚಿಸುವ ಅನಿವಾರ್ಯತೆ ಒದಗಿದೆ.

1. ದಿನನಿತ್ಯ ಬೇಕಾಗುವ ವಸ್ತುಗಳು ಮೇಜಿನ ಮೇಲೆ ಇರತಕ್ಕದ್ದು. ಇದಕ್ಕೆ ಬಿಸಿ ಹಂತ ಎಂದು ಹೆಸರು. ಮೂವತ್ತು ದಿನ ಯಾರಿಗೂ ಬೇಡವಾದವು ವರಾಂಡದ ಬೀರುವಿಗೆ, ಅಂದರೆ ಉಗುರುಬೆಚ್ಚಗಿನ ಹಂತಕ್ಕೆ ಹೋಗತಕ್ಕದ್ದು. ಅರವತ್ತು ದಿನಕ್ಕೆ ತಾರಸಿ ಕೋಣೆ, ತಣ್ಣನೆಯ ಹಂತ. ತೊಂಬತ್ತು ದಿನ ತುಂಬಿದವು ಹನ್ನೊಂದು ಕಿಲೋಮೀಟರ್ ಆಚೆ, ಇಟ್ಟಿಗೆ ಭಟ್ಟಿಯ ಹಿಂದಿನ ಗೋದಾಮಿಗೆ ಹೋಗತಕ್ಕದ್ದು. ಇದು ಮರಗಟ್ಟಿದ ಹಂತ. ಪಕ್ಕದಲ್ಲೇ ಭಟ್ಟಿ ಇರುವುದರಿಂದ ಅಲ್ಲಿ ವಿಪರೀತ ಸೆಕೆ ಎಂಬ ಆಕ್ಷೇಪಣೆ ಬಂದಿದ್ದು, ಹಂತದ ಹೆಸರನ್ನು ಬದಲಾಯಿಸಲು ಅವಕಾಶವಿರುವುದಿಲ್ಲ.

2. ‘ಸ್ವಯಂಚಾಲಿತ’ ಎಂದರೆ ಕೈಗಾಡಿಯ ಹಮಾಲಿ ಮತ್ತು ಅವನ ಭಾವಮೈದುನ ಎಂದು ಓದಿಕೊಳ್ಳತಕ್ಕದ್ದು. ಇವರಿಬ್ಬರೂ ಯಾರನ್ನೂ ಕೇಳದೆ, ಯಾರ ಮಾತಿಗೂ ಸೊಪ್ಪು ಹಾಕದೆ, ಚೀಟಿ ನೋಡಿ ಎತ್ತಿಕೊಂಡು ಹೋಗುತ್ತಾರಾದ್ದರಿಂದ ಅವರನ್ನು ಯಂತ್ರವೆಂದೇ ಪರಿಗಣಿಸಲಾಗಿದೆ. ಯಂತ್ರಕ್ಕೆ ದಿನಕ್ಕೆ ಎರಡು ಸಲ ಚಹಾ ಕೊಡತಕ್ಕದ್ದು.

3. ತಮ್ಮ ವಸ್ತುಗಳು ಕೈತಪ್ಪಿ ಹೋಗದಿರಲೆಂದು ಕೆಲವು ಸಿಬ್ಬಂದಿ ಬೆಳಿಗ್ಗೆ ಬಂದವರೇ ಪ್ರತಿಯೊಂದನ್ನೂ ಎತ್ತಿ, ನೋಡಿ, ಮತ್ತೆ ಅಲ್ಲೇ ಇಡುತ್ತಿರುವುದು ಗಮನಕ್ಕೆ ಬಂದಿದೆ. ಈ ಕೆಲಸವು ಮಧ್ಯಾಹ್ನ ಹನ್ನೆರಡರ ತನಕ ನಡೆಯುತ್ತಿದೆ. ಇನ್ನು ಮುಂದೆ ಹತ್ತೂವರೆಯಿಂದ ಹನ್ನೊಂದರೊಳಗೆ ಮುಗಿಸತಕ್ಕದ್ದು. ಧೂಳು ಒರೆಸುವುದು ಬಳಕೆಯಲ್ಲ. ಎಡವುವುದು ಅರ್ಧ ಬಳಕೆ.

4. ಬೆಂಕಿ ಆರಿಸುವ ಕೆಂಪು ಸಿಲಿಂಡರು ಒಂಬತ್ತು ವರ್ಷಗಳಿಂದ ಯಾರಿಗೂ ಬೇಕಾಗದೆ ಇದ್ದುದರಿಂದ ಮೊದಲ ಗಾಡಿಯಲ್ಲೇ ಹೋಗಿದೆ. ಬೆಂಕಿ ಹೊತ್ತಿಸಲು ಇಚ್ಛಿಸುವವರು ಹನ್ನೆರಡು ದಿನ ಮುಂಚಿತವಾಗಿ ತಿಳಿಸತಕ್ಕದ್ದು.

5. ಛತ್ರಿಗಳು ಬೇಸಿಗೆಯಲ್ಲಿ ಗೋದಾಮು ಸೇರಿವೆ. ಮಳೆ ಶುರುವಾದ ಮೇಲೆ ತರಲು ಹೇಳಿದಾಗ, ಛತ್ರಿ ಕೊಟ್ಟರೆ ಹೋಗಿ ಛತ್ರಿ ತರುವುದಾಗಿ ಯಂತ್ರವು ತಿಳಿಸಿದೆ. ಕಡತ ವ್ಯವಹರಣೆಯಲ್ಲಿದೆ.

6. ಗೋದಾಮಿನಿಂದ ಯಾವುದೇ ವಸ್ತುವನ್ನು ಮರಳಿ ಪಡೆಯಲು ನಮೂನೆ ಏಳರಲ್ಲಿ ಅರ್ಜಿ ಸಲ್ಲಿಸಿ ಹನ್ನೆರಡು ದಿನ ಕಾಯತಕ್ಕದ್ದು. ನಮೂನೆ ಏಳು ಗೋದಾಮಿನಲ್ಲಿ ದೊರೆಯುತ್ತದೆ.

7. ಇನ್ನು ಹಿರಿಯ ಗುಮಾಸ್ತರ ವಿಷಯ. ಇವರು ಮೂವತ್ತನಾಲ್ಕು ವರ್ಷಗಳಿಂದ ದಾಖಲೆ ಕೋಣೆ ನೋಡಿಕೊಳ್ಳುತ್ತಿದ್ದು, ಕಚೇರಿಯಲ್ಲಿ ಎಲ್ಲರಿಗೂ ‘ದಫ್ತರದ ಮಾವ’. ಕಡತಗಳೆಲ್ಲ ಗೋದಾಮು ಸೇರಿ ಕೋಣೆ ಖಾಲಿಯಾದ ಮೇಲೆ ಅವರ ಹತ್ತಿರ ಹೋಗುವ ಪ್ರಮೇಯವೇ ಯಾರಿಗೂ ಬರಲಿಲ್ಲ. ಕುರ್ಚಿಯ ಚೀಟಿಯಲ್ಲಿ ದಿನ ತುಂಬಿದಂತೆಲ್ಲ ಯಂತ್ರವು ಕುರ್ಚಿಯನ್ನು ಅವರ ಸಮೇತ ವರಾಂಡಕ್ಕೂ, ಆಮೇಲೆ ತಾರಸಿಗೂ, ಕೊನೆಗೆ ಗೋದಾಮಿಗೂ ಸಾಗಿಸಿದೆ. ಅವರು ಸಂಜೆ ಬಸ್ಸು ಹಿಡಿದು ಮನೆಗೆ ಹೋಗಿ, ಬೆಳಿಗ್ಗೆ ತಾವಿರಬೇಕಾದ ಹಂತಕ್ಕೆ ತಾವೇ ಮರಳುತ್ತಿದ್ದಾರೆ. ಬೇರೆ ಯಾವ ವಸ್ತುವೂ ಈ ಶಿಸ್ತು ತೋರಿಸಿಲ್ಲ.

8. ಈ ಬಗ್ಗೆ ದಾಖಲಿಸಿಕೊಂಡ ಹೇಳಿಕೆಗಳು:
ಹಮಾಲಿ: “ಚೀಟಿ ನೋಡಿದ್ವಿ, ದಿನ ತುಂಬಿತ್ತು. ಮೇಲೆ ಯಾರು ಕೂತಿದ್ದಾರೆ ಅಂತ ನೋಡೋದು ನಮ್ಮ ಕೆಲಸ ಅಲ್ಲ. ಭಾರ ಇತ್ತು, ಅಷ್ಟು ಗೊತ್ತು.”
ದಫ್ತರದ ಮಾವ: “ಕುರ್ಚಿ ಎತ್ತಿದಾಗ ಫ್ಯಾನಿನ ಕೆಳಗೆ ಹಾಕ್ತಿದ್ದಾರೆ ಅಂದ್ಕೊಂಡೆ. ಸೇರಿದ ವರ್ಷವೇ ಅರ್ಜಿ ಕೊಟ್ಟಿದ್ದೆ.”
ಅವರ ಪತ್ನಿ: “ಈ ಮೂವತ್ತೊಂದಕ್ಕೆ ಅವರಿಗೆ ನಿವೃತ್ತಿ. ಆವತ್ತು ಅವರು ಅವರ ಮೇಜಿನ ಹತ್ರ ಕೂತಿರಬೇಕು, ಅಲ್ಲಿಂದಾನೇ ಎದ್ದು ಬರಬೇಕು. ನಾನು, ಮಕ್ಕಳು ಬಂದು ನೋಡ್ತೀವಿ. ಇಷ್ಟು ವರ್ಷ ಡಬ್ಬಿ ಕಟ್ಟಿ ಕಳಿಸಿದ್ದು ಗೋದಾಮಿಗಲ್ಲ.”

9. ಮೇಲಿನ ಕೋರಿಕೆ ನ್ಯಾಯವಾದದ್ದು. ಆದರೆ ಮರಳಿ ಪಡೆಯಲು ಹನ್ನೆರಡು ದಿನ ಬೇಕು. ಮೂವತ್ತೊಂದಕ್ಕೆ ಉಳಿದಿರುವುದು ಹನ್ನೊಂದು. ಒಂದು ದಿನವನ್ನು ಎಲ್ಲಿಂದಲಾದರೂ ತರಲು ಸಾಧ್ಯವೇ ಎಂದು ಲೆಕ್ಕ ಶಾಖೆಯನ್ನು ವಿಚಾರಿಸಲಾಗಿ, ತಮ್ಮಲ್ಲಿ ದಾಸ್ತಾನಿಲ್ಲ ಎಂಬ ಉತ್ತರ ಬಂದಿದೆ.

10. ಉಳಿದಿರುವುದು ಒಂದೇ ದಾರಿ. ಮೂವರು ಬೇರೆ ಬೇರೆ ಸಿಬ್ಬಂದಿಗೆ ಬೇಕಾದ ವಸ್ತುವು ಅರ್ಜಿಯಿಲ್ಲದೆ ತಾನಾಗಿಯೇ ಬಿಸಿ ಹಂತಕ್ಕೆ ಮರಳತಕ್ಕದ್ದು ಎಂದು ನಿಯಮವಿದೆ. ಗುಮಾಸ್ತರ ಮಟ್ಟಿಗೆ, ಅವರನ್ನು ಒಂದು ಪ್ರಶ್ನೆ ಕೇಳುವುದೇ ಬಳಕೆ. ಪ್ರಶ್ನೆ ಏನೇ ಇರಲಿ, ಕೇಳಿದವರಿಗೆ ಅದರ ಉತ್ತರ ನಿಜವಾಗಿ ಬೇಕಿರತಕ್ಕದ್ದು. ಉತ್ತರಕ್ಕೆ ಕಾಯದೆ ಎದ್ದು ಹೋದಲ್ಲಿ ಪ್ರಶ್ನೆ ಅಸಿಂಧು. ಮನೆಯವರ ಪ್ರಶ್ನೆಗಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಿಡಿದಿದ್ದರೆ ಅವರು ಮದುವೆಯಾದಾಗಿನಿಂದ ಬಿಸಿ ಹಂತದಲ್ಲೇ ಇರುತ್ತಿದ್ದರು.

11. ಈವರೆಗೆ ಎರಡು ಪ್ರಶ್ನೆಗಳು ಬಂದಿವೆ. ತನ್ನ ಕುರ್ಚಿಯ ದಿಂಬು ಎಲ್ಲಿದೆ ಎಂದು ಬೆರಳಚ್ಚುಗಾರ್ತಿ ಕೇಳಿದ್ದು, “ಏಳನೇ ಸಾಲು, ಛತ್ರಿಗಳ ಹಿಂದೆ” ಎಂದು ಅವರು ಪುಸ್ತಕ ನೋಡದೆ ಹೇಳಿದ್ದಾರೆ. ಇಲ್ಲಿಂದ ಮುಂದೆ ವಸ್ತುಗಳನ್ನು ಎಲ್ಲಿಗೆ ಸಾಗಿಸುವುದು ಎಂದು ಹಮಾಲಿಯ ಭಾವಮೈದುನ (ಈ ಪ್ರಶ್ನೆಯ ಮಟ್ಟಿಗೆ ಸಿಬ್ಬಂದಿ) ಕೇಳಿದ್ದು, “ಇಲ್ಲಿಂದ ಮುಂದೆ ಇಲ್ಲಪ್ಪ” ಎಂದಿದ್ದಾರೆ. ಇನ್ನೊಂದು ಪ್ರಶ್ನೆ ಬೇಕಾಗಿದೆ.

12. ಉಳಿದ ಇಪ್ಪತ್ತಾರು ಸಿಬ್ಬಂದಿಗೆ ಪತ್ರ ಬರೆಯಲಾಗಿ, ತಮಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ಎಲ್ಲರೂ ಒಂದೇ ಹಾಳೆಯಲ್ಲಿ ಸಹಿ ಮಾಡಿ ಕೊಟ್ಟಿದ್ದಾರೆ. ಈ ಹಾಳೆಯನ್ನು ಜೋಪಾನವಾಗಿ ಇಡಲಾಗಿದೆ. ಬಡ್ತಿಯ ಸಮಯದಲ್ಲಿ ಓದಲಾಗುವುದು.

13. ಕಚೇರಿಯ ಮುಖ್ಯಸ್ಥರು ಅಧೀನ ಸಿಬ್ಬಂದಿಯನ್ನು ಏನೇ ಕೇಳಬೇಕಿದ್ದರೂ ಬಾಯಿಮಾತಿನಲ್ಲಿ ಕೇಳುವಂತಿಲ್ಲ. ಸಂಖ್ಯೆ ಹಾಕಿದ ಸುತ್ತೋಲೆಯ ಮೂಲಕವೇ ಕೇಳತಕ್ಕದ್ದು. ಮೂವತ್ತನಾಲ್ಕು ವರ್ಷಗಳಲ್ಲಿ ಯಾವ ಮುಖ್ಯಸ್ಥರೂ ದಫ್ತರದ ಮಾವನವರನ್ನು ಏನನ್ನಾದರೂ ಕೇಳಿದ ದಾಖಲೆ ಕಂಡುಬಂದಿರುವುದಿಲ್ಲ. ಇದು ಸರಿಯಾದದ್ದಲ್ಲ ಎಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ.

ಸಹಿ/-
ಮುಖ್ಯಸ್ಥರು
(ಶಿಬಿರ: ವರಾಂಡ, ಬೀರುವಿನ ಪಕ್ಕ. ಕುರ್ಚಿಗೆ ನಿನ್ನೆ ಮೂವತ್ತು ದಿನ ತುಂಬಿದ ಪ್ರಯುಕ್ತ.)

ಪ್ರತಿಗಳು:
1) ಎಲ್ಲ ಶಾಖೆಗಳಿಗೆ. ಕೂಡಲೇ ಓದತಕ್ಕದ್ದು, ಆಮೇಲೆ ಹುಡುಕಿದರೆ ಹನ್ನೊಂದು ಕಿಲೋಮೀಟರ್.
2) ಅಗ್ನಿಶಾಮಕ ಠಾಣೆಗೆ, ಕಂಡಿಕೆ 4ರ ಬಗ್ಗೆ ಸಿಟ್ಟಾಗಬಾರದೆಂಬ ಕೋರಿಕೆಯೊಂದಿಗೆ.
3) ಹಮಾಲಿ ಮತ್ತು ಭಾವಮೈದುನನಿಗೆ. ಮೂವತ್ತೊಂದರೊಳಗೆ ಗಾಡಿ ಖಾಲಿ ಇರಿಸಿಕೊಳ್ಳುವುದು.
4) ಹಿರಿಯ ಗುಮಾಸ್ತರ ಪತ್ನಿಯವರಿಗೆ. ಎಷ್ಟು ಜನ ಬರುತ್ತೀರೆಂದು ತಿಳಿಸಿದಲ್ಲಿ ಮೇಜಿನ ಸುತ್ತ ಕುರ್ಚಿ ಹಾಕಿಸಲಾಗುವುದು.
5) ಕಚೇರಿ ಪ್ರತಿ. ನೇರವಾಗಿ ಗೋದಾಮಿಗೆ.
6) ದಫ್ತರದ ಮಾವನವರಿಗೆ, ಮರಗಟ್ಟಿದ ಹಂತ. ಊಟ ಆಯ್ತಾ ಮಾವ? ಮರುಟಪಾಲಿನಲ್ಲಿ ತಿಳಿಸುವುದು. ಉತ್ತರಕ್ಕಾಗಿ ಕಾಯಲಾಗುತ್ತಿದೆ.